ಮಿಸ್ಟೇಕ್ ಅಂದರೇನೆಂದು ಕಲಿಸಿದವರು

ಇದನ್ನು ನಾನು ಬಹಳ ಹಿಂದೆಯೇ ಬರೆಯಬೇಕಿತ್ತು. ಬರೆಯದೆ ಇದ್ದದ್ದಕ್ಕೆ ಒಂದೊಂದು ಕಾಲದಲ್ಲಿ ಒಂದೊಂದು ನೆಪ ಸಿಕ್ಕಿತು. ಮೊದಲು ಕೆಲಸ ಹೋದೀತೆಂಬ ಹೆದರಿಕೆ. ಆಮೇಲೆ ಬೆಳೆದ ಮಕ್ಕಳ ಎದುರು ಮರ್ಯಾದೆಯ ಪ್ರಶ್ನೆ. ಅದೂ ಕಳೆದ ಮೇಲೆ, ಈ ಹಳೇ ಕಥೆ ಈಗ ಯಾರಿಗೆ ಬೇಕು ಎಂಬ ಉದಾಸೀನ. ಈಗ ನನ್ನ ಹತ್ತಿರ ನೆಪಗಳೇ ಉಳಿದಿಲ್ಲ. ಕಣ್ಣಿಗೆ ಅಕ್ಷರ ಕಾಣುತ್ತಿರುವಾಗಲೇ ಬರೆದುಬಿಡುತ್ತೇನೆ.

ನಾನು ಬರೆಯಹೊರಟಿರುವುದು ನಮ್ಮ ಎಸ್ಟೇಟಿನ ದೊಡ್ಡ ರೈಟರ ಬಗ್ಗೆ. ಆಳುಗಳ ಹಾಜರಿ, ಕಾಫಿಯ ಲೆಕ್ಕ, ಮಂಗಳೂರಿಗೆ ಹೋಗುವ ಮೂಟೆಗಳ ಲೆಕ್ಕ ಬರೆಯುವವರಿಗೆ ನಮ್ಮ ಕಡೆ ಎಲ್ಲ ತೋಟಗಳಲ್ಲೂ ರೈಟರು ಎನ್ನುತ್ತಾರೆ. ಅವರು ದೊಡ್ಡ ರೈಟರು, ನಾನು ಅವರ ಕೈಕೆಳಗಿನ ಸಣ್ಣ ರೈಟರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಕಾರಣವಿದೆ. ಅವರ ಹೆಸರಿಗಿಂತ ಮೊದಲು ನಾನು ಬರೆಯಬೇಕಾದ ಇನ್ನೊಂದು ಹೆಸರಿದೆ. ಅದನ್ನು ಬಿಟ್ಟು ತಮ್ಮ ಹೆಸರು ಬರೆದಿದ್ದರೆ ಅವರೇ ಬೈಯುತ್ತಿದ್ದರು.

ಇಂಗ್ಲಿಷರ ಕಾಲ ಅದು. ಚಿಕ್ಕಮಗಳೂರಿನಲ್ಲಿ ಹೈಸ್ಕೂಲು ಮುಗಿಸಿ, ಹಸಿರು ಬಣ್ಣದ ಟ್ರಂಕು ಹಿಡಿದುಕೊಂಡು ನಾನು ಕೊಟ್ಟಿಗೆಹಾರದ ಹತ್ತಿರದ ಆ ತೋಟಕ್ಕೆ ಬಂದೆ. ನನ್ನ ಇಂಗ್ಲಿಷಿನ ಬಗ್ಗೆ ನನಗೆ ಬಹಳ ಹೆಮ್ಮೆ. ಬಂದ ದಿನ ದೊಡ್ಡ ರೈಟರು ಆಫೀಸಿನ ಮೆಟ್ಟಿಲ ಮೇಲೆ ಕೂತು ಕಾಲಿಗೆ ಹೊಗೆಸೊಪ್ಪಿನ ನೀರು ಸವರಿಕೊಳ್ಳುತ್ತಿದ್ದರು. ರಕ್ತ ಹೀರುವ ಇಂಬಳ ಹತ್ತದಿರಲೆಂದು ಅವರು ದಿನಾ ಹಾಗೆ ಮಾಡುತ್ತಿದ್ದರು. ಸಣಕಲು ದೇಹ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಕೆಳಗೆ ಕಚ್ಚೆಪಂಚೆ. ಬಿಸಿಲಿರಲಿ ಮಳೆಯಿರಲಿ ತೋಳಿಗೆ ತೂಗುಹಾಕಿಕೊಂಡ ಕೊಡೆ. ಘಟ್ಟದ ಕೆಳಗಿನವರು. ಅಲ್ಲಿ ಯಾವುದೋ ಮಿಷನ್ ಶಾಲೆಯಲ್ಲಿ ಕಲಿತಿದ್ದರಂತೆ.

"ಎಂತ ಮಾರಾಯ, ಇಂಗ್ಲಿಷ್ ಬರ್ತದಾ?" ಎಂದರು.

"ಬರ್ತದೆ ಸಾರ್. ಕ್ಲಾಸಿಗೇ ಫಸ್ಟು ಬಂದಿದ್ದೆ."

"ಹಾಗಾದ್ರೆ ತಪ್ಪು ಅನ್ನೋದಕ್ಕೆ ಇಂಗ್ಲಿಷಲ್ಲಿ ಎಂತ ಹೇಳ್ತಾರೆ?"

"ಮಿಸ್ಟೇಕ್."

"ಮತ್ತೆ?"

ನಾನು ಯೋಚಿಸಿ "ಫಾಲ್ಟ್" ಎಂದೆ.

"ಎರಡೂ ಒಂದೆಯಾ?"

"ಒಂದೇ ಸಾರ್. ಸಿನಾನಿಮ್ಸ್."

ಅವರು ಹೊಗೆಸೊಪ್ಪಿನ ಕೈಯನ್ನು ಹುಲ್ಲಿಗೆ ಒರೆಸಿಕೊಂಡು ನಕ್ಕರು. "ಒಂದೇ ಅಂತ ಪರೀಕ್ಷೆಯಲ್ಲಿ ಬರಿ. ಬಂಗಲೆ ಜಗಲಿಯಲ್ಲಿ ಹೇಳಬೇಡ."

ಬಂಗಲೆಯ ಜಗಲಿ ಅಂದರೆ ಏನೆಂದು ನನಗೆ ಮರುದಿನ ತಿಳಿಯಿತು. ಬೆಳಗಿನ ಹಾಜರಿ ಮುಗಿದ ಮೇಲೆ ತೋಟದ ಇಂಗ್ಲಿಷ್ ದೊರೆ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದ. ಹಿಂದಿನ ದಿನ ಏನಾದರೂ ಕೆಡಿಸಿದ ಆಳುಗಳನ್ನು ಮೇಸ್ತ್ರಿ ಕರೆತಂದು ಅಂಗಳದಲ್ಲಿ ನಿಲ್ಲಿಸುತ್ತಿದ್ದ. ಆಳಿಗೆ ಇಂಗ್ಲಿಷ್ ಬಾರದು. ದೊರೆಗೆ ಬರುತ್ತಿದ್ದ ಕನ್ನಡ ಬಾ, ಹೋಗು, ಬೇಗ, ಇಷ್ಟೇ. ನಡುವೆ ದೊಡ್ಡ ರೈಟರು ನಿಲ್ಲುತ್ತಿದ್ದರು. ಆಳು ಹೇಳಿದ್ದು ಇಂಗ್ಲಿಷಿನಲ್ಲಿ ಮೇಲೆ ಹೋಗುತ್ತಿತ್ತು, ದೊರೆ ಹೇಳಿದ್ದು ಕನ್ನಡದಲ್ಲಿ ಕೆಳಗೆ ಇಳಿಯುತ್ತಿತ್ತು. ದೊರೆ ಉದ್ದಕ್ಕೆ ಬೈದರೆ ಇವರು ಕೆಳಗೆ ಇಳಿಸುತ್ತಿದ್ದದ್ದು ಗಿಡ್ಡ ಮಾತು. ಆಳು ಗಿಡ್ಡದಾಗಿ ಹೇಳಿದರೆ ಮೇಲಕ್ಕೆ ಉದ್ದವಾಗಿ ಹೋಗುತ್ತಿತ್ತು. ಒಮ್ಮೆ ದೊರೆಗೇ ಅನುಮಾನ ಬಂದು, ಅವನು ಎರಡೇ ಮಾತಾಡಿದನಲ್ಲ, ನೀನು ಇಷ್ಟೊಂದು ಹೇಳುತ್ತಿದ್ದೀಯಲ್ಲ ಎಂದ. "ಅವನ ಮಾತು ಒಣಗಿಸಿದ ಕಾಫಿ ಸರ್, ನೆನೆಸಿದರೆ ಹಿಗ್ಗುತ್ತದೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಇವರು ಮುಖ ಗಂಟು ಹಾಕಿಕೊಂಡೇ ನಿಂತಿದ್ದರು. ದೊರೆ ನಕ್ಕ. ಆವತ್ತು ಅಂಗಳದಲ್ಲಿ ನಿಂತವನು ಬಚಾವಾದ.

ಅವರದೊಂದು ಕ್ರಮವಿತ್ತು. ಮೊದಲು ಆಳಿನ ಹೆಸರು ಹೇಳಬೇಕು. ಆಮೇಲೆ ಯಾರ ಮಗ, ಯಾವ ಊರಿನವನು, ತೋಟದಲ್ಲಿ ಏನು ಕೆಲಸ. ಇಷ್ಟು ಆಗುವವರೆಗೆ ಏನು ಕೆಟ್ಟಿತು ಎಂಬ ಮಾತಿಗೆ ಹೋಗುತ್ತಲೇ ಇರಲಿಲ್ಲ. ದೊರೆ ಕೈ ಬೀಸಿದರೂ ಬಿಡುತ್ತಿರಲಿಲ್ಲ. ಅದೆಲ್ಲ ಯಾಕೆ, ದೊರೆಗೆ ಬೇಕಾದದ್ದು ಏನು ನಷ್ಟ ಆಯಿತು ಅನ್ನುವುದು ತಾನೆ ಎಂದು ನಾನೊಮ್ಮೆ ಕೇಳಿದೆ. "ಹೆಸರಿಲ್ಲದವನನ್ನು ಓಡಿಸೋದು ಸುಲಭ ಮಾರಾಯ" ಎಂದರು.

ಹೆಸರಾದ ಮೇಲೆ ಪದ. ಆ ಪದವನ್ನು ಆರಿಸುವಾಗ ನೆಲ ನೋಡುತ್ತ ಕೊಡೆಯ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. ಕಳೆ ತೆಗೆಯುವ ಹೆಂಗಸು ಕತ್ತಿ ಬೀಸುವಾಗ ಕಾಫಿ ಸಸಿಯನ್ನೇ ಕಡಿದುಹಾಕಿದ್ದಳು. "ಸ್ಲಿಪ್, ಸರ್. ಆ ಜಾಗ ಬಹಳ ಇಳಿಜಾರು" ಎಂದರು. ಗಾಡಿಯವನೊಬ್ಬ ತೂಕಡಿಸಿ ಎತ್ತುಗಳನ್ನು ನರ್ಸರಿಗೆ ನುಗ್ಗಿಸಿದ. "ಮಿಸ್ಟೇಕ್, ಸರ್. ಅರ್ಧ ಇವನದು, ಅರ್ಧ ಎತ್ತುಗಳದು." ಅದೇ ತಿಂಗಳು ದೊರೆಯ ಕುದುರೆ ಕಟ್ಟು ಬಿಚ್ಚಿಕೊಂಡು ಅದೇ ನರ್ಸರಿಯನ್ನು ತುಳಿದುಹಾಕಿತು. ಅದಕ್ಕೇನು ಪದ ಎಂದು ನಾನು ತಮಾಷೆಗೆ ಕೇಳಿದೆ. "ಅದು ಆಕ್ಸಿಡೆಂಟ್" ಎಂದರು. "ದೊಡ್ಡವರ ಕುದುರೆ ತುಳಿದರೆ ಯಾವಾಗಲೂ ಆಕ್ಸಿಡೆಂಟೇ. ಬ್ಲಂಡರ್ ಅಂತಲೂ ಒಂದುಂಟು. ಅದು ಮಂತ್ರಿಗಳು, ಸೇನಾಪತಿಗಳು ಮಾಡುವಂಥಾದ್ದು. ನಮ್ಮ ಆಳುಗಳಿಗೆ ಬ್ಲಂಡರ್ ಮಾಡುವ ಯೋಗ್ಯತೆ ಎಲ್ಲಿಂದ ಬರಬೇಕು?"

ಸಂಜೆ ಆಫೀಸು ಮುಚ್ಚಿ ನಮ್ಮ ಮನೆಗಳ ಕಡೆ ಇಳಿಯುವ ದಾರಿಯಲ್ಲಿ ನನ್ನ ಪಾಠ. ಪುಸ್ತಕವಿಲ್ಲ, ಹಲಗೆಯಿಲ್ಲ. ಅವರು ಮುಂದೆ, ನಾನು ಹಿಂದೆ. ಎರರ್ ಅನ್ನುವುದು ಲೆಕ್ಕದಲ್ಲಿ, ಕಾಗದದಲ್ಲಿ ಆಗುವುದು. ಅದಕ್ಕೆ ಮನುಷ್ಯನ ಮುಖವೇ ಬೇಕಾಗಿಲ್ಲ, ಅದರಿಂದ ಯಾರಿಗೂ ಗಾಯ ಆಗುವುದಿಲ್ಲ, ಆದಷ್ಟು ಅದನ್ನೇ ಬಳಸು ಎನ್ನುತ್ತಿದ್ದರು. ಇನ್ನೊಂದು ದಿನ, "ಮಿಸ್ಟೇಕನ್ನು ಮೇಕ್ ಮಾಡ್ತಾರೆ ಅಂತ ಇಂಗ್ಲಿಷಿನವರು ಹೇಳ್ತಾರೆ ನೋಡು. ಮಾಡಿದವನೇ ಅದನ್ನು ಸರಿಯೂ ಮಾಡಬಹುದು. ಫಾಲ್ಟನ್ನು ಮಾತ್ರ ಫೈಂಡ್ ಮಾಡ್ತಾರೆ. ಅಂದರೆ ಹುಡುಕುವವನು ಬೇರೆ ಉಂಟು" ಎಂದರು. ದೊರೆಯ ಮನಸ್ಸಿನಲ್ಲಿ ಈ ಪದಗಳಿಗೆ ಒಂದೊಂದು ಶಿಕ್ಷೆ ಗೊತ್ತಾಗಿ ಹೋಗಿತ್ತು. ಮಿಸ್ಟೇಕ್ ಎಂದರೆ ಬೈಗುಳ. ಫಾಲ್ಟ್ ಎಂದರೆ ಹಾಜರಿ ಕಡಿತ.

ಇವೆಲ್ಲಕ್ಕಿಂತ ಕೆಳಗೆ ಇನ್ನೊಂದು ಪದವಿತ್ತು. ಅದನ್ನು ಹೇಳುವಾಗ ಅವರು ದಾರಿಯಲ್ಲಿ ನಿಂತು ನನ್ನ ಕಡೆ ತಿರುಗಿದರು.

"ನೆಗ್ಲೆಕ್ಟ್. ಗೊತ್ತಿದ್ದೂ ಮಾಡದೆ ಬಿಟ್ಟದ್ದು. ಇದಕ್ಕೆ ಕೈ ಎತ್ತಬೇಕಾಗಿಲ್ಲ, ಕಾಲು ಜಾರಬೇಕಾಗಿಲ್ಲ. ಸುಮ್ಮನೆ ಇದ್ದರೆ ಸಾಕು. ದೊರೆಗೆ ಈ ಪದ ಕಿವಿಗೆ ಬಿದ್ದರೆ ಸಾಯಂಕಾಲದೊಳಗೆ ಆ ಆಳಿನ ಲೈನ್ ಮನೆ ಖಾಲಿ. ನಾನು ಬಂದ ಮೇಲೆ ಈ ಪದವನ್ನು ಜಗಲಿಯಲ್ಲಿ ಹೇಳಿಲ್ಲ. ನೀನೂ ಹೇಳಬೇಡ."

"ಆಯ್ತು ಸಾರ್" ಎಂದೆ.

ಆಳುಗಳ ಒಂದು ರೂಢಿಯನ್ನೂ ಇಲ್ಲಿ ಹೇಳಬೇಕು. ದೊರೆಯ ಮುಂದೆ ನಿಂತ ಆಳಿನ ಬಾಯಿಂದ ಮೊದಲು ಬರುತ್ತಿದ್ದ ಮಾತು "ತಪ್ಪಾಯ್ತು ದೊರೆ". ತಪ್ಪು ಮಾಡಿರಲಿ, ಬಿಡಲಿ. ನಂಟರ ಮದುವೆಗೆ ರಜೆ ಕೇಳಲು ಬಂದವನೂ ಹಾಗೆಯೇ ಶುರು ಮಾಡುತ್ತಿದ್ದ. ತಲೆಗೆ ಸುತ್ತಿದ ಬಟ್ಟೆಯನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳುವುದು ಹೇಗೋ ಇದೂ ಹಾಗೆ. ಇವರೆಲ್ಲ ಹೇಳುವ ಆ ಒಂದೇ ಮಾತು ಏನು ಎಂದು ದೊರೆ ಕೇಳಿದಾಗ, "ಅದು ಗುಡ್ ಮಾರ್ನಿಂಗ್, ಸರ್" ಎಂದಿದ್ದರು ದೊಡ್ಡ ರೈಟರು. ಈ ಕಥೆ ಆಳುಗಳ ಸಾಲುಮನೆಗಳಾದ ಲೈನುಗಳಲ್ಲಿ ಹಬ್ಬಿ, ಅವರು ಬೆಳಿಗ್ಗೆ ಒಬ್ಬರಿಗೊಬ್ಬರು "ಏನಣ್ಣ, ತಪ್ಪಾಯ್ತು" ಎಂದು ಹೇಳಿಕೊಂಡು ನಗುತ್ತಿದ್ದರು.

ಇನ್ನು ಆ ಸುಗ್ಗಿಯ ವಿಷಯಕ್ಕೆ ಬರುತ್ತೇನೆ.

ಕಾಫಿ ಕುಯ್ಲು ಜೋರಾಗಿ ನಡೆದಿತ್ತು. ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಿರುವ ಕಟ್ಟಡಕ್ಕೆ ಪಲ್ಪರ್ ಮನೆ ಎನ್ನುತ್ತೇವೆ. ಸುಲಿದ ಬೀಜದ ಮೇಲೆ ಲೋಳೆ ಇರುತ್ತದೆ. ಅದು ಬಿಡಲೆಂದು ಬೀಜವನ್ನು ತೊಟ್ಟಿಯಲ್ಲಿ ಹಾಕಿ ಹುದುಗು ಬರಲು ಬಿಟ್ಟು, ಹದ ನೋಡಿ ನೀರು ಬಿಟ್ಟು ತೊಳೆಯಬೇಕು. ಬೇಗ ತೊಳೆದರೆ ಲೋಳೆ ಉಳಿಯುತ್ತದೆ. ತಡವಾದರೆ ಬೀಜ ಹುಳಿಯಾಗಿ ನಾತ ಹಿಡಿಯುತ್ತದೆ. ಆಮೇಲೆ ಎಷ್ಟು ತೊಳೆದರೂ ಹೋಗುವುದಿಲ್ಲ. ನೀರು ಬಿಡಿಸುವ ಹೊಣೆ ಸಣ್ಣ ರೈಟರದು, ಅಂದರೆ ನನ್ನದು. ತೊಟ್ಟಿ ಕಾಯಲು ಒಬ್ಬ ಆಳಿದ್ದ. ಅವನ ಬಗ್ಗೆಯೇ ಈಗ ಹೇಳಬೇಕಾದದ್ದು. ಎತ್ತರದ ಆಳು, ಮಾತು ಕಡಿಮೆ. ನಾನು ಪಲ್ಪರ್ ಮನೆಗೆ ಹೋದಾಗಲೆಲ್ಲ ಕೂರಲೆಂದು ಗೋಣಿ ಮಡಚಿ ಹಾಕುತ್ತಿದ್ದ. ಒಂದು ಸಲ ಅವನು ನನ್ನನ್ನು ಕೇಳದೆ ನೀರು ಬಿಟ್ಟಿದ್ದ. ಲೋಳೆ ಉಳಿಯಿತೆಂದು ದೊರೆ ನನಗೆ ಬೈದಿದ್ದ. ಆವತ್ತೇ ನಾನು ಅವನಿಗೆ ಕಟ್ಟಪ್ಪಣೆ ಮಾಡಿದ್ದೆ, ನಾನು ಬಂದು ಹೇಳುವವರೆಗೆ ನೀರಿನ ತೂಬು ಮುಟ್ಟಬೇಡ ಎಂದು.

ಆ ವಾರ ದೊಡ್ಡ ರೈಟರ ಅಣ್ಣ ತೀರಿಕೊಂಡು ಅವರು ಚಾರ್ಮಾಡಿ ಘಾಟಿ ಇಳಿದು ಊರಿಗೆ ಹೋಗಿದ್ದರು. ಜಗಲಿಯ ಕೆಲಸವೂ ನನಗೇ ಬಂದಿತ್ತು. ದೊರೆಯ ಪಕ್ಕ ನಿಂತು ಮಾತಾಡುವವನಿಗೆ ಒಳ್ಳೆಯ ಕೋಟು ಬೇಡವೇ? ಮೂಡಿಗೆರೆಯ ದರ್ಜಿಯ ಹತ್ತಿರ ಹೊಲಿಯಲು ಕೊಟ್ಟಿದ್ದೆ. ಅಳತೆ ನೋಡಿಕೊಂಡು ಬರೋಣವೆಂದು ಮಧ್ಯಾಹ್ನ ತೋಟದ ಲಾರಿ ಹತ್ತಿದೆ. ಹೋಗುವಾಗ ಪಲ್ಪರ್ ಮನೆಯ ಬಾಗಿಲಲ್ಲಿ ಅವನು ನಿಂತಿದ್ದ.

"ಅಯ್ಯಾ, ತೊಟ್ಟಿ ಸಾಯಂಕಾಲಕ್ಕೆ ಹದಕ್ಕೆ ಬರ್ತದೆ ಅನ್ಸುತ್ತೆ."

"ನಾನು ಅಷ್ಟೊತ್ತಿಗೆ ಬರ್ತೀನಿ. ನಾನು ಬರೋವರೆಗೆ ಮುಟ್ಟಬೇಡ."

"ಆಯ್ತು ಅಯ್ಯಾ."

ಕೋಟಿನ ತೋಳು ಬಿಗಿಯಾಗಿತ್ತು. ದರ್ಜಿ ಬಿಚ್ಚಿ ಹೊಲಿದ. ಹೋಟೆಲಿನಲ್ಲಿ ಪರಿಚಯದವರು ಸಿಕ್ಕಿದರು. ಲಾರಿ ನನ್ನನ್ನು ಬಿಟ್ಟು ಹೋಯಿತು. ಸ್ನೇಹಿತನ ಮನೆಯಲ್ಲಿ ಮಲಗಿ ಬೆಳಿಗ್ಗೆ ಹೊಸ ಕೋಟು ಹಾಕಿಕೊಂಡೇ ತೋಟಕ್ಕೆ ಬಂದೆ. ತೊಟ್ಟಿಯ ಯೋಚನೆ ದಾರಿಯಲ್ಲಿ ಬರಲಿಲ್ಲವೆಂದರೆ ಸುಳ್ಳು. ಬಂತು. ಅವನು ಹೇಗೋ ನೋಡಿಕೊಂಡಿರುತ್ತಾನೆ ಎಂದುಕೊಂಡೆ.

ಪಲ್ಪರ್ ಮನೆಗೆ ತಿರುಗುವಲ್ಲಿಯೇ ಮೂಗಿಗೆ ನಾತ ಬಡಿಯಿತು. ದೊರೆ ನನಗಿಂತ ಮೊದಲೇ ಬಂದಿದ್ದ. ತೊಟ್ಟಿಯಿಂದ ಒಂದು ಬೊಗಸೆ ಬೀಜ ಎತ್ತಿ ಮೂಸಿ ನೆಲಕ್ಕೆ ಎಸೆದಿದ್ದ. ಮೇಸ್ತ್ರಿ ಒಂದು ಪಕ್ಕಕ್ಕೆ ನಿಂತಿದ್ದ. ಆಳು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಅವನ ಕಣ್ಣು ಕೆಂಪಾಗಿತ್ತು. ನನ್ನ ದಾರಿ ಕಾಯುತ್ತ ಮಲಗಿರಲಿಲ್ಲವೆಂದು ಕಾಣುತ್ತದೆ. ಪಕ್ಕದಲ್ಲಿ ಮಡಚಿದ ಗೋಣಿ ಹಾಕಿಯೇ ಇತ್ತು.

ಯಾಕೆ ತೊಳೆಯಲಿಲ್ಲ ಎಂದು ಅವನನ್ನು ಕೇಳು ಎಂದ ದೊರೆ.

ನಾನು ಕೇಳಿದೆ. "ಯಾಕೋ ನೀರು ಬಿಡಲಿಲ್ಲ?"

ಅವನು ನನ್ನ ಮುಖ ನೋಡಿದ. ಅದರಲ್ಲಿ ಸಿಟ್ಟಿರಲಿಲ್ಲ. ಇಬ್ಬರಿಗೂ ಗೊತ್ತಿರುವ ವಿಷಯವನ್ನು ಇವರು ಯಾಕೆ ಕೇಳುತ್ತಿದ್ದಾರೆ ಎಂಬಂತೆ ನೋಡಿದ. ಆಮೇಲೆ ತಲೆಯ ಬಟ್ಟೆ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ದೊರೆಯ ಕಡೆ ತಿರುಗಿ, "ತಪ್ಪಾಯ್ತು ದೊರೆ" ಎಂದ. ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದ, "ರೈಟರಯ್ಯಂಗೆ ಎಲ್ಲ ಗೊತ್ತದೆ. ಅವರೇ ಹೇಳ್ತಾರೆ."

ರೈಟರು ಎಂದರೆ ಸರಿಯಾದ ಪದ ಹುಡುಕಿ ಬಿಡಿಸುವವರು ಎಂದು ಅವನ ನಂಬಿಕೆ. ಅವನು ನೋಡಿದ್ದು ಅಂಥ ರೈಟರನ್ನೇ ಅಲ್ಲವೇ?

ಅವನು ಹೇಳಿದ ತಪ್ಪಾಯ್ತು ಎಂಬ ಮಾತಿನ ಅರ್ಥ ನನಗೆ ಗೊತ್ತಿತ್ತು. ಯಾವ ಪದಕ್ಕೆ ಏನಾಗುತ್ತದೆ ಎನ್ನುವುದೂ ಗೊತ್ತಿತ್ತು. ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ, ಅದು ನಿಜವಲ್ಲ. ಮಿಸ್ಟೇಕ್ ಎಂದಿದ್ದರೆ ದೊರೆ, ಹೇಗೆ ಆಯಿತು, ನೀನೆಲ್ಲಿದ್ದೆ ಎಂದು ಕೇಳುತ್ತಿದ್ದ. ಇನ್ನು ಏನೂ ಕೇಳದಂತೆ ಬಾಯಿ ಮುಚ್ಚಿಸುವ ಪದ ಒಂದೇ ಇತ್ತು.

"ನೆಗ್ಲೆಕ್ಟ್, ಸರ್. ಹಾಗೆಂದು ಅವನೇ ಒಪ್ಪಿಕೊಳ್ಳುತ್ತಿದ್ದಾನೆ."

ದೊರೆ ಒಂದು ಕ್ಷಣ ನನ್ನನ್ನು ನೋಡಿ, "ನೆಗ್ಲೆಕ್ಟ್?" ಎಂದು ಇನ್ನೊಮ್ಮೆ ಕೇಳಿದ. ಹಿಂದಕ್ಕೆ ತೆಗೆದುಕೊಳ್ಳಲು ಅಷ್ಟು ಹೊತ್ತು ಸಿಕ್ಕಿತ್ತು.

"ಯಸ್, ಸರ್."

ನಾನು ಅವನ ಹೆಸರು ಹೇಳಲಿಲ್ಲ. ದೊರೆ ಕೇಳಲೂ ಇಲ್ಲ.

ಸಾಯಂಕಾಲ ಮೇಸ್ತ್ರಿ ನಿಂತು ಲೈನ್ ಮನೆ ಖಾಲಿ ಮಾಡಿಸಿದ. ಅವನ ತಲೆಯ ಮೇಲೆ ಪಾತ್ರೆಯ ಗಂಟು. ಹೆಂಡತಿಯ ಕೈಯಲ್ಲಿ ಕಾಲು ಕಟ್ಟಿದ ಎರಡು ಕೋಳಿ. ನಾನು ಆಫೀಸಿನ ಬಾಗಿಲಲ್ಲಿ ನಿಂತಿದ್ದೆ. ಅವನು ತಲೆ ಬಗ್ಗಿಸಿ ನಡೆದುಹೋದ. ಅವಳು ನಿಂತಳು.

"ಅಯ್ಯಾ, ಇಂಗ್ಲೀಷ್‌ನಾಗೆ ದೊರೆಗೆ ಏನಂತ ಹೇಳಿದ್ರಿ? ಅಷ್ಟೊಂದು ಸಿಟ್ಟು ಮಾಡ್ಕಂಡ್ರಲ್ಲ."

"ಅವನು ಏನು ಹೇಳಿದನೋ ಅದನ್ನೇ ಹೇಳಿದೆ."

"ಅವರು ತಪ್ಪಾಯ್ತು ಅಂತ ತಾನೆ ಅಂದಿದ್ದು?"

"ಹೌದು."

"ಹಂಗಾದ್ರೆ ಯಾಕೆ ಹಿಂಗಾಯ್ತು?" ಎಂದಳು. ಅದು ನನ್ನನ್ನು ಆಡಿಕೊಂಡ ಮಾತಲ್ಲ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಕೋಳಿಗಳನ್ನು ಎತ್ತಿ ಹಿಡಿದುಕೊಂಡು ಗಂಡನ ಹಿಂದೆ ಹೋದಳು.

ದೊಡ್ಡ ರೈಟರು ತಲೆ ಬೋಳಿಸಿಕೊಂಡು ಊರಿಂದ ಬಂದರು. ಲೈನಿನವರು ಅವರಿಗೆ ದಾರಿಯಲ್ಲೇ ಸುದ್ದಿ ಮುಟ್ಟಿಸಿದ್ದರು. ಆಫೀಸಿಗೆ ಬಂದವರು ಕೊಡೆ ತೂಗುಹಾಕಿ ನನ್ನ ಎದುರಿನ ಪೆಟ್ಟಿಗೆಯ ಮೇಲೆ ಕೂತರು.

"ಯಾವ ಪದ ಹೇಳಿದೆ?"

ಹೇಳಿದೆ.

"ಅವನ ಹೆಸರು ಹೇಳಿದೆಯಾ?"

"ಇಲ್ಲ."

"ನೀನೆಲ್ಲಿದ್ದೆ?"

ಅವರ ಮುಂದೆ ಸುಳ್ಳು ಬರಲಿಲ್ಲ. ಕೋಟಿನ ವಿಷಯವನ್ನೂ ಸೇರಿಸಿ ಎಲ್ಲ ಹೇಳಿದೆ. ಅವರು ನೆಲ ನೋಡುತ್ತ ಹೆಬ್ಬೆರಳಿನಿಂದ ತಮ್ಮ ಮಂಡಿ ಉಜ್ಜುತ್ತಿದ್ದರು. ನನಗಾಗಿ ಪದ ಹುಡುಕುತ್ತಿದ್ದಾರೆ ಎನ್ನಿಸಿತು.

"ನಾನು ಹೋಗಿ ಹೇಳಿದರೆ ಅದು ನಿನ್ನ ಮೇಲೆ ದೂರು ಆಗ್ತದೆ. ನಿನ್ನನ್ನು ಓಡಿಸ್ತಾನೆ. ಅವನನ್ನು ಕರೆಸ್ತಾನೆ ಅಂತ ಹೇಳಲಿಕ್ಕಾಗುವುದಿಲ್ಲ. ನೀನೇ ಬಂದು ಹೇಳಿದರೆ ಅದನ್ನು ಮಿಸ್ಟೇಕ್ ಅನ್ನಬಹುದು. ಆ ಪದವನ್ನು ನಾನು ಹೇಳ್ತೇನೆ, ನೀನು ಬಾಯಿ ಬಿಟ್ಟರೆ ಸಾಕು. ಇನ್ನೂ ದೂರ ಹೋಗಿರ್ಲಿಕ್ಕಿಲ್ಲ ಅವರು. ನಾಳೆ ಬೆಳಿಗ್ಗೆ ಬರ್ತೀಯಾ?"

"ಬರ್ತೀನಿ ಸಾರ್."

ಹೋದೆ. ಜಗಲಿಯ ಕೆಳಗೆ ಆಳುಗಳು ನಿಲ್ಲುವ ಜಾಗದಲ್ಲಿ ನಿಂತೆ. ದೊಡ್ಡ ರೈಟರು ಪಕ್ಕದಲ್ಲಿ ನಿಂತು ನನ್ನ ಹೆಸರು, ನನ್ನ ತಂದೆಯ ಹೆಸರು, ಊರು, ಮಾಡುವ ಕೆಲಸ ಎಲ್ಲವನ್ನೂ ದೊರೆಗೆ ಹೇಳಿದರು, ಅವನಿಗೆ ನಾನು ಯಾರೆಂದು ಗೊತ್ತೇ ಇಲ್ಲವೇನೋ ಎಂಬಂತೆ. ದೊರೆ ಆಶ್ಚರ್ಯದಿಂದ ನನ್ನನ್ನು ನೋಡಿ "ವೆಲ್?" ಎಂದ.

ಅಷ್ಟು ವರ್ಷ ಓದಿದ ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಕನ್ನಡದಲ್ಲೇ ಹೇಳು ಎಂಬಂತೆ ದೊಡ್ಡ ರೈಟರು ಗಲ್ಲ ಎತ್ತಿ ಸನ್ನೆ ಮಾಡಿದರು. ಆ ಆಳು ಎಷ್ಟು ಸುಲಭವಾಗಿ ಹೇಳಿದ್ದ ಎರಡು ಮಾತು! ಕೊನೆಗೆ ನನ್ನ ಬಾಯಿಂದ ಬಂದದ್ದು, "ಸರ್, ಗೋಣಿಚೀಲ ಕಡಿಮೆ ಬಿದ್ದಿದೆ."

ಸರಿ, ತರಿಸು ಎಂದು ಹೇಳಿ ದೊರೆ ಒಳಗೆ ಹೋದ.

ದೊಡ್ಡ ರೈಟರು ಬೈಯಲಿಲ್ಲ. ಕೊಡೆಯನ್ನು ಒಂದು ತೋಳಿನಿಂದ ಇನ್ನೊಂದು ತೋಳಿಗೆ ಬದಲಾಯಿಸಿಕೊಂಡು ಅಂಗಳ ದಾಟಿದರು. ಆವತ್ತು ಸಂಜೆ ಮನೆಗೆ ಇಳಿಯುವಾಗ ಎಂದಿನಂತೆ ಅವರು ಮುಂದೆ, ನಾನು ಹಿಂದೆ. ಪಾಠವಿರಲಿಲ್ಲ. ಮತ್ತೆಂದೂ ಅವರು ನನಗೆ ಒಂದು ಪದದ ಅರ್ಥವನ್ನೂ ಹೇಳಲಿಲ್ಲ. ಕೆಲಸದ ಮಾತು ಆಡುತ್ತಿದ್ದರು, ಜ್ವರ ಬಂದಾಗ ಗಂಜಿ ಕಳಿಸುತ್ತಿದ್ದರು, ಮಾರಾಯ ಎಂದೇ ಕರೆಯುತ್ತಿದ್ದರು. ಪದ ಮಾತ್ರ ಕೊಡಲಿಲ್ಲ.

ರಜೆಯ ದಿನಗಳಲ್ಲಿ ಅವರು ತೊಟ್ಟಿ ಕಾಯುತ್ತಿದ್ದ ಆ ಆಳನ್ನು ಹುಡುಕಲು ಹೊರಡುತ್ತಿದ್ದರು. ಎಲ್ಲಿಗೆಂದು ನನಗೆ ಹೇಳುತ್ತಿರಲಿಲ್ಲ. ಕಳಸದ ಕಡೆಯ ಗಾಡಿಯವರು ಬಂದಾಗ ಹೇಳುತ್ತಿದ್ದರು, "ನಿಮ್ಮ ದೊಡ್ಡ ರೈಟರಯ್ಯ ನಮ್ಮ ಕಡೆ ತೋಟ ತೋಟ ತಿರುಗ್ತಿದ್ರು ಕಣ್ರೀ. ಯಾರೋ ಎತ್ತರದ ಆಳಂತೆ. ಸಾಲಗೀಲ ಬಾಕಿ ಇತ್ತಾ ಅವನದು?" ಅವರು ಬರಿಗಾಲಲ್ಲಿ ಇಂಬಳ ಕಚ್ಚಿಸಿಕೊಂಡು ಬಂದು, ಮಾರನೆಯ ದಿನ ಮೆಟ್ಟಿಲ ಮೇಲೆ ಕೂತು ಗಾಯಕ್ಕೆ ಸುಣ್ಣ ಹಚ್ಚಿಕೊಳ್ಳುವುದನ್ನು ನೋಡುತ್ತಿದ್ದೆ. ನಾನೂ ಬರುತ್ತೇನೆ ಎನ್ನಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ.

ಅವನು ಅವರಿಗೆ ಸಿಗಲಿಲ್ಲ. ಕೆಲವು ವರ್ಷಗಳ ಮೇಲೆ ಕಣ್ಣು ಮಂಜಾಗಿ ಅವರು ಕೆಲಸ ಬಿಟ್ಟರು. ಹೊರಡುವ ದಿನ ಕೊಟ್ಟಿಗೆಹಾರದವರೆಗೆ ಅವರ ಪೆಟ್ಟಿಗೆ ಹೊತ್ತುಕೊಂಡು ಹೋದೆ. ಘಟ್ಟ ಇಳಿಯುವ ಬಸ್ಸಿಗೆ ಕಾಯುತ್ತ ಅಂಗಡಿಯ ಬೆಂಚಿನಲ್ಲಿ ಕೂತಿದ್ದೆವು. ಇನ್ನು ದೊಡ್ಡ ರೈಟರ ಕೆಲಸ ನನ್ನದಾಗಿತ್ತು.

"ಜಗಲಿಯಲ್ಲಿ ನಿಲ್ಲುವಾಗ ಹೆಸರು ಮೊದಲು" ಎಂದರು.

"ಆಯ್ತು ಸಾರ್."

"ಅವನು ಎಲ್ಲಾದ್ರೂ ಕಂಡರೆ ನನಗೊಂದು ಕಾರ್ಡು ಬರಿ ಮಾರಾಯ. ಇದ್ದಾನೆ ಅಂತ ಗೊತ್ತಾದ್ರೆ ಸಾಕು."

"ಬರೀತೀನಿ ಸಾರ್."

ಇವೇ ನಾವಿಬ್ಬರು ಆಡಿದ ಕೊನೆಯ ಮಾತುಗಳು.

ಅವನು ಕಂಡ. ದೇಶಕ್ಕೆ ಸ್ವಾತಂತ್ರ್ಯ ಬರುತ್ತದೆಂಬ ಮಾತು ಎಲ್ಲ ಕಡೆ ಕೇಳಿಬರುತ್ತಿದ್ದ ಕಾಲ. ಅಡಿಕೆ ಕುಯ್ಲಿಗೆ ಆಳಾಗಿ ಹೋದ ನಮ್ಮ ತೋಟದವರನ್ನು ವಾಪಸು ಕರೆತರಲು ನಾನು ಕಳಸದ ಹತ್ತಿರದ ಸಂಸೆಗೆ ಹೋಗಿದ್ದೆ. ಒಬ್ಬರ ಅಂಗಳದಲ್ಲಿ ಅಡಿಕೆ ಸುಲಿಯುವವರ ಸಾಲಿನಲ್ಲಿ ಅವನು ಕೂತಿದ್ದ. ಬೆನ್ನು ಬಾಗಿತ್ತು, ಆದರೂ ಎತ್ತರ ಗೊತ್ತಾಗುತ್ತಿತ್ತು. ನಾನು ಎದುರಿಗೇ ನಿಂತೆ. ಅವನು ತಲೆ ಎತ್ತಿ ನೋಡಿ ಮತ್ತೆ ಸುಲಿಯತೊಡಗಿದ. ಪಕ್ಕದವನು "ಕೊಟ್ಟಿಗೆಹಾರದ ಕಡೆ ರೈಟರು ಕಣೋ" ಎಂದ. ಅವನು ಗಡಬಡಿಸಿ ಎದ್ದು, ತಲೆಯ ಬಟ್ಟೆ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಹೇಳಿದ,

"ತಪ್ಪಾಯ್ತು ಅಯ್ಯಾ. ಗುರ್ತು ಸಿಗ್ಲಿಲ್ಲ."

ಹೇಳಬೇಕಾದ ಮಾತನ್ನು ಅವನೇ ನನಗೆ ಹೇಳಿಬಿಟ್ಟಿದ್ದ. ಅದನ್ನೇ ಅವನಿಗೆ ತಿರುಗಿಸಿ ಹೇಳಿದ್ದರೆ ಆಗಿಹೋಗುತ್ತಿತ್ತು. ಅಂಗಳದ ತುಂಬ ಜನ. ಮನೆಯ ಯಜಮಾನರು ಜಗಲಿಯಲ್ಲಿ ಕೂತು ನೋಡುತ್ತಿದ್ದರು.

"ಇರಲಿ ಬಿಡು" ಎಂದೆ. ನಾನು ಅವನನ್ನು ಕ್ಷಮಿಸಿದೆ.

"ದೊಡ್ಡ ರೈಟರಯ್ಯ ಚೆನ್ನಾಗಿದ್ದಾರಾ ಅಯ್ಯಾ?" ಎಂದು ಕೇಳಿದ.

"ಚೆನ್ನಾಗಿದ್ದಾರೆ. ಊರಲ್ಲಿದ್ದಾರೆ."

"ಅವರು ಆವತ್ತು ಇರಬೇಕಿತ್ತು" ಎಂದ. ಮತ್ತೆ ಕೂತು ಅಡಿಕೆ ಕೈಗೆ ತೆಗೆದುಕೊಂಡ.

ತೋಟಕ್ಕೆ ಬಂದು ಕಾರ್ಡು ತೆಗೆದುಕೊಂಡೆ. ಸಂಸೆಯಲ್ಲಿ ಕಂಡ ಎಂದು ಬರೆದರೆ, ನೀನು ಅವನಿಗೆ ಏನು ಹೇಳಿದೆ ಎಂದು ಅವರು ಕೇಳುತ್ತಾರೆ. ನಾಳೆ ಬರೆಯೋಣ ಎಂದುಕೊಂಡೆ. ಮಳೆಗಾಲ ಬಂತು. ಒಂದು ದಿನ ಕೊಟ್ಟಿಗೆಹಾರದಲ್ಲಿ ಬಸ್ಸಿಳಿದ ಕಂಡಕ್ಟರು, "ನಿಮ್ಮ ಹಳೇ ರೈಟರು ಹೋಗಿಬಿಟ್ಟರಂತೆ ಕಣ್ರೀ, ತಿಂಗಳಾಯ್ತಂತೆ" ಎಂದ. ಗೊತ್ತಾದರೆ ಸಾಕು ಎಂದವರಿಗೆ ಅಷ್ಟನ್ನೂ ನಾನು ಮುಟ್ಟಿಸಲಿಲ್ಲ. ಅದಾದ ಮುಂದಿನ ಅಡಿಕೆ ಕುಯ್ಲಿಗೆ ಮತ್ತೆ ಸಂಸೆಗೆ ಹೋದಾಗ ಆ ಸಾಲಿನಲ್ಲಿ ಅವನಿರಲಿಲ್ಲ. ಎಲ್ಲಿ ಎಂದು ಕೇಳಿದೆ. ಅವನು ತೀರಿಹೋದ ಎಂದರು. ಹೆಂಡತಿ ಎಲ್ಲಿ ಹೋದಳೋ ಯಾರಿಗೂ ಗೊತ್ತಿರಲಿಲ್ಲ.

ದೊಡ್ಡ ರೈಟರ ಜಾಗದಲ್ಲಿ ನಾನು ಬಹಳ ಕಾಲ ನಿಂತೆ. ಹೆಸರು ಮೊದಲು ಹೇಳಿದೆ. ಯಾರು ಏನು ಕೆಡಿಸಿದರೂ ಸ್ಲಿಪ್ ಎಂದೆ, ಎರರ್ ಎಂದೆ, ಮಿಸ್ಟೇಕ್ ಎಂದೆ. "ನೀವು ಥೇಟ್ ಹಳೇ ರೈಟರಯ್ಯನಂಗೇ" ಎಂದು ಲೈನಿನ ಮುದುಕರು ಹೊಗಳುತ್ತಿದ್ದರು. ಹಾಗೆ ಹೊಗಳಿದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ನನ್ನದಕ್ಕೆ ಯಾವ ಪದ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಮೂಡಿಗೆರೆಯಲ್ಲಿ ಲಾರಿ ತಪ್ಪಿದ್ದನ್ನು ಬೇಕಾದರೆ ಸ್ಲಿಪ್ ಎನ್ನಬಹುದು. ಪಲ್ಪರ್ ಮನೆಯಲ್ಲಿ ಆಡಿದ್ದಕ್ಕೆ ದೊಡ್ಡ ರೈಟರು ಕೂಡ ಮಿಸ್ಟೇಕ್ ಎಂಬ ಪದ ಕೊಡಲು ಸಿದ್ಧರಿದ್ದರು. ಆದರೆ ಆಮೇಲಿನ ಇಷ್ಟೆಲ್ಲ ವರ್ಷ? ಅದಕ್ಕೆ ಕೈ ಎತ್ತಬೇಕಾಗಿರಲಿಲ್ಲ, ಕಾಲು ಜಾರಬೇಕಾಗಿರಲಿಲ್ಲ. ಸುಮ್ಮನೆ ಇದ್ದೆ, ಅಷ್ಟೆ.

ಈಗ ಆ ಜಗಲಿಯಿಲ್ಲ, ದೊರೆಯಿಲ್ಲ, ನನ್ನ ಮಾತನ್ನು ಮೇಲಕ್ಕೆ ಮುಟ್ಟಿಸುವವರೂ ಇಲ್ಲ. ಆದರೂ ಅವರು ಕಲಿಸಿದ ಕ್ರಮದಲ್ಲೇ ಹೇಳುತ್ತೇನೆ, ಹೆಸರು ಮೊದಲು. ಪಲ್ಪರ್ ಮನೆಯಲ್ಲಿ ನಾನು ಹೇಳದೆ ಬಿಟ್ಟದ್ದು ಇದು: ಇವನು ಈರ. ದ್ಯಾವನ ಮಗ. ಜಾವಳಿ ಕಡೆಯವನು. ತೊಟ್ಟಿ ಕಾಯುವ ಕೆಲಸ. ರೈಟರು ಬರುವವರೆಗೆ ಮುಟ್ಟಬೇಡ ಎಂದಿದ್ದಕ್ಕೆ ಮುಟ್ಟಲಿಲ್ಲ.

ತಪ್ಪಾಯ್ತು, ಈರ.